ಮೊದಲು ನಂಬರ್‌, ಆಮೇಲೆ ಬಣ್ಣ: ಹಳೆಯ ಕ್ಯಾಡಿಲ್ಯಾಕ್‌ ಅಸಲಿಯೇ ಎಂದು ನೋಡುವುದು ಹೇಗೆ?

1959ರಲ್ಲಿ ಕ್ಯಾಡಿಲ್ಯಾಕ್‌ ಕಂಪನಿ ಬಟ್ಟೆ ಛಾವಣಿಯ ಎರಡು ಕಾರುಗಳನ್ನು ಮಾರಿತು. ಒಂದು ಸೀರೀಸ್‌ 62 ಕನ್ವರ್ಟಿಬಲ್‌. ಬೆಲೆ 5,455 ಡಾಲರ್‌, ತಯಾರಾದದ್ದು 11,130. ಇನ್ನೊಂದು ಎಲ್ಡೊರಾಡೊ ಬಿಯಾರಿಟ್ಸ್‌. ಬೆಲೆ 7,401 ಡಾಲರ್‌, ತಯಾರಾದದ್ದು ಬರೀ 1,320. ಎರಡಕ್ಕೂ ವೀಲ್‌ಬೇಸ್‌ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 130 ಇಂಚು, ಉದ್ದ 225 ಇಂಚು, ಎಂಟು ಸಿಲಿಂಡರ್‌ನ ವಿ8 ಎಂಜಿನ್‌ ಗಾತ್ರವೂ ಒಂದೇ, 390 ಕ್ಯೂಬಿಕ್‌ ಇಂಚು. ಹಿಂಬದಿಯ ಎತ್ತರದ ರೆಕ್ಕೆಗಳೂ ಅವುಗಳಲ್ಲಿ ಕೂರಿಸಿದ ಬುಲೆಟ್‌ ಆಕಾರದ ಜೋಡಿ ದೀಪಗಳೂ ಒಂದೇ. ಅಂದು ಇವುಗಳ ಬೆಲೆಯ ಅಂತರ 1,946 ಡಾಲರ್‌. ಇಂದಿನ ಹರಾಜಿನಲ್ಲಿ ಆ ಅಂತರ ಎಷ್ಟೋ ಪಟ್ಟು ಬೆಳೆದಿದೆ. ಹಾಗಾಗಿ ಸೀರೀಸ್‌ 62ಕ್ಕೆ ಬಿಯಾರಿಟ್ಸ್‌ ವೇಷ ಹಾಕುವವರು ಹುಟ್ಟಿಕೊಂಡರು. ಬೇಕಾದ ಕ್ರೋಮ್‌ ಪಟ್ಟಿ, ಅಕ್ಷರ, ಸೀಟು ಎಲ್ಲವೂ ಬಿಡಿಭಾಗದ ಪೇಟೆಯಲ್ಲಿ ಸಿಗುತ್ತವೆ. ಸಿಗದಿರುವುದು ಕಾರಿನ ಗುರುತು ಮಾತ್ರ. ಪರೀಕ್ಷೆ ಶುರುವಾಗಬೇಕಾದದ್ದೂ ಅಲ್ಲಿಂದಲೇ.

ಹೋಗುವಾಗ ಜೊತೆಗಿರಲಿ: ಒಳ್ಳೆಯ ಟಾರ್ಚ್‌, ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿ, ಬಟ್ಟೆ ಸುತ್ತಿದ ಅಯಸ್ಕಾಂತ, ಬಣ್ಣದ ದಪ್ಪ ಅಳೆಯುವ ಮೀಟರ್‌, ತಂತಿ ಬ್ರಷ್‌, ಸ್ವಲ್ಪ ಥಿನ್ನರ್‌, ಹಳೆ ಬಟ್ಟೆ, ಸಿಲಿಂಡರ್‌ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್‌ ಗೇಜ್‌. ಬ್ರಷ್‌, ಥಿನ್ನರ್‌ ಹಚ್ಚುವ ಮೊದಲು ಮಾಲೀಕರ ಒಪ್ಪಿಗೆ ಪಡೆಯಿರಿ.

ಹೆಜ್ಜೆ 1: ನಂಬರ್‌ ಓದಿ

1959ರ ಕ್ಯಾಡಿಲ್ಯಾಕ್‌ ನಂಬರ್‌ಗೆ ಮೂರು ತುಂಡು: ವರ್ಷ ಹೇಳುವ 59, ಮಾದರಿ ಹೇಳುವ ಒಂದು ಇಂಗ್ಲಿಷ್‌ ಅಕ್ಷರ, ಆರು ಅಂಕಿಯ ಕ್ರಮಸಂಖ್ಯೆ. ‘ಇ’ ಇದ್ದರೆ ಬಿಯಾರಿಟ್ಸ್‌, ‘ಎಫ್‌’ ಇದ್ದರೆ ಸೀರೀಸ್‌ 62 ಕನ್ವರ್ಟಿಬಲ್‌, ‘ಎಚ್‌’ ಇದ್ದರೆ ಗಟ್ಟಿ ಛಾವಣಿಯ ಎಲ್ಡೊರಾಡೊ ಸೆವಿಲ್‌. ಆ ವರ್ಷ ಎಲ್ಲ ಮಾದರಿ ಸೇರಿ ತಯಾರಾದದ್ದು 1,42,272 ಕಾರು. ಕ್ರಮಸಂಖ್ಯೆ ಅದನ್ನು ಮೀರಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ಈ ನಂಬರ್‌ ಕಾಗದದಲ್ಲಿ ಇದ್ದರೆ ಸಾಲದು, ಲೋಹದ ಮೇಲೂ ಇರಬೇಕು. ಎಂಜಿನ್‌ ಬ್ಲಾಕ್‌ನ ಮುಂಭಾಗದಲ್ಲಿ ಎಡಗಡೆ ಕೆಳಕ್ಕೆ ಒಮ್ಮೆ, ಚೌಕಟ್ಟಿನ ಎಡಬದಿಯಲ್ಲಿ ಇನ್ನೊಮ್ಮೆ ಗುದ್ದಿರುತ್ತಾರೆ. ಚೌಕಟ್ಟಿನ ಮೇಲಿನ ನಂಬರ್‌ ಅರವತ್ತಕ್ಕೂ ಹೆಚ್ಚು ವರ್ಷಗಳ ಜಿಡ್ಡು, ಡಾಂಬರು, ಬಣ್ಣದ ಅಡಿ ಹೂತಿರುವುದೇ ಹೆಚ್ಚು. ಥಿನ್ನರ್‌ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ. ಆಮೇಲೆ ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಅಂಕಿಗಳು ನೆರಳಾಗಿ ಎದ್ದು ಕಾಣುತ್ತವೆ. ಅಂಕಿಗಳ ಸುತ್ತ ಗ್ರೈಂಡರ್‌ ಗೆರೆಗಳು ಇವೆಯೇ? ಆ ಜಾಗ ಅಕ್ಕಪಕ್ಕಕ್ಕಿಂತ ನುಣುಪಾಗಿ, ಕೊಂಚ ತಗ್ಗಾಗಿದೆಯೇ? ಒಂದೇ ಸಾಲಿನಲ್ಲಿ ಅಂಕಿಗಳ ಗಾತ್ರ ಬೇರೆ ಬೇರೆಯೇ? ಹಾಗಿದ್ದರೆ ಯಾರೋ ಉಜ್ಜಿ ಮತ್ತೆ ಗುದ್ದಿದ್ದಾರೆ. ಅಂಥ ಕಾರು ಎಷ್ಟೇ ಅಗ್ಗವಾದರೂ ಬೇಡ. ನಂಬರ್‌ ತಿದ್ದಿದ ಕಾರನ್ನು ಅಮೆರಿಕದಲ್ಲಿ ಪೊಲೀಸರು ಜಪ್ತಿ ಮಾಡಬಹುದು, ‘ಗೊತ್ತಿಲ್ಲದೆ ಕೊಂಡೆ’ ಎಂದರೆ ಕಾರು ವಾಪಸ್‌ ಬರುವ ಖಾತ್ರಿಯಿಲ್ಲ.

ಹೆಜ್ಜೆ 2: ಬಾನೆಟ್‌ ಅಡಿಯ ಫಲಕ

ಎಂಜಿನ್‌ ಹಿಂದಿನ ಗೋಡೆಯ ಮೇಲೆ ಬಾಡಿ ತಯಾರಿಸಿದವರ ತಗಡಿನ ಫಲಕ ಇರುತ್ತದೆ. ಅದರಲ್ಲಿ ಸ್ಟೈಲ್‌ ಸಂಖ್ಯೆ, ಬಾಡಿ ಸಂಖ್ಯೆ, ಒಳಹೊದಿಕೆ ಮತ್ತು ಬಣ್ಣದ ಸಂಕೇತಗಳು ಇರುತ್ತವೆ. ಬಿಯಾರಿಟ್ಸ್‌ ಆದರೆ ಸ್ಟೈಲ್‌ 6467, ಸೀರೀಸ್‌ 62 ಆದರೆ 6267. ನಂಬರ್‌ನಲ್ಲಿ ‘ಇ’ ಇದ್ದು ಫಲಕದಲ್ಲಿ 6267 ಇದ್ದರೆ ಎರಡು ಕಾರು ಸೇರಿ ಒಂದಾಗಿವೆ ಎಂದೇ ಅರ್ಥ. ಫಲಕವನ್ನೂ ನಕಲು ಮಾಡುತ್ತಾರೆ. ಆದ್ದರಿಂದ ಹಿಡಿದಿರುವ ಸ್ಕ್ರೂ, ರಿವೆಟ್‌ಗಳನ್ನು ನೋಡಿ: ಸುತ್ತಲಿನ ಬಣ್ಣ ಹಳತಾಗಿದ್ದು ಅವು ಮಾತ್ರ ಹೊಸದಾಗಿ ಮಿನುಗುತ್ತಿದ್ದರೆ ಅನುಮಾನಿಸಿ.

ಕ್ಯಾಡಿಲ್ಯಾಕ್‌ ಕೊಳ್ಳುವವರಿಗೆ ಒಂದು ಅನುಕೂಲವೂ ಇದೆ. ಮೂಲ ಕಂಪನಿ ಜನರಲ್‌ ಮೋಟರ್ಸ್‌ ಹಳೆಯ ದಾಖಲೆಗಳನ್ನು ಉಳಿಸಿಕೊಂಡಿದೆ. ಕಾರಿನ ನಂಬರ್‌ ಕೊಟ್ಟು ಶುಲ್ಕ ಕಟ್ಟಿದರೆ ಅದು ಯಾವ ಬಣ್ಣದಲ್ಲಿ, ಯಾವ ಸೌಲಭ್ಯಗಳೊಂದಿಗೆ ಹೊರಬಿತ್ತು ಎಂಬ ಪ್ರತಿ ಸಿಗುತ್ತದೆ. ಮುಂಗಡ ಕೊಡುವ ಮೊದಲೇ ಅದನ್ನು ತರಿಸಿಕೊಳ್ಳಿ.

ಅಮೆರಿಕದ ಇನ್ನೊಂದು ಹಳೆಯ ದುಬಾರಿ ಕಾರು ಪ್ಯಾಕರ್ಡ್‌ ವಿಷಯದಲ್ಲಿ ಫಲಕವೇ ಮುಖ್ಯ ಸಾಕ್ಷಿ. 1930ರ ದಶಕದ ದೊಡ್ಡ ಪ್ಯಾಕರ್ಡ್‌ಗಳ ಫಲಕದಲ್ಲಿ ವಾಹನ ಸಂಖ್ಯೆಯ ಜೊತೆ ಮಾರಿದ ಡೀಲರ್‌ ಹೆಸರು, ಊರು, ಕೊಟ್ಟ ತಾರೀಖು ಕೂಡ ಗುದ್ದಿರುತ್ತವೆ. ವಾಹನ ಸಂಖ್ಯೆಯ ಮೊದಲ ಭಾಗ ಬಾಡಿಯ ಬಗೆಯನ್ನು ಹೇಳುತ್ತದೆ. ಅದು ನಾಲ್ಕು ಬಾಗಿಲಿನ ಸೆಡಾನ್‌ ಎನ್ನುತ್ತಿದ್ದು ಎದುರಿಗೆ ಎರಡು ಸೀಟಿನ ರೋಡ್‌ಸ್ಟರ್‌ ನಿಂತಿದ್ದರೆ ಬಾಡಿ ಬದಲಾಗಿದೆ. ಎಂಜಿನ್‌ ಸಂಖ್ಯೆ ಮತ್ತು ವಾಹನ ಸಂಖ್ಯೆ ಪ್ಯಾಕರ್ಡ್‌ನಲ್ಲಿ ಬೇರೆ ಬೇರೆ, ಅದು ದೋಷವಲ್ಲ. ಆದರೆ ಹಿಂದೆ ಅಮೆರಿಕದ ಹಲವು ರಾಜ್ಯಗಳು ಎಂಜಿನ್‌ ಸಂಖ್ಯೆಯ ಮೇಲೆಯೇ ಮಾಲೀಕತ್ವದ ಪತ್ರ ಕೊಡುತ್ತಿದ್ದವು. ನಡುವೆ ಎಂಜಿನ್‌ ಬದಲಾಗಿದ್ದರೆ ಪತ್ರದ ಸಂಖ್ಯೆ ಕಾರಿನಲ್ಲಿ ಎಲ್ಲೂ ಸಿಗುವುದಿಲ್ಲ. ಮೊದಲು ಪತ್ರ ಸರಿಮಾಡಿಸಿಕೊಡಲು ಮಾರುವವರಿಗೇ ಹೇಳಿ.

ಹೆಜ್ಜೆ 3: ತಗಡಿನ ಒಳಮೈ

ವೇಷ ಹಾಕಿದ ಕಾರು ಸಿಕ್ಕಿಬೀಳುವುದು ಸಾಮಾನ್ಯವಾಗಿ ಇಲ್ಲಿ. ಬಿಯಾರಿಟ್ಸ್‌ನ ಪಕ್ಕದಲ್ಲಿ ಕೆಳಗಿನಿಂದ ಹೋಗಿ ಹಿಂಬದಿಯ ರೆಕ್ಕೆಯ ಕಡೆ ಬಳುಕುವ ಅಗಲ ಕ್ರೋಮ್‌ ಪಟ್ಟಿ ಇರುತ್ತದೆ. ಸೀರೀಸ್‌ 62ರ ಪಟ್ಟಿ ಬೇರೆ, ಅದರ ಕ್ಲಿಪ್‌ಗಳಿಗೆ ಮಾಡಿದ ತೂತುಗಳ ಜಾಗವೂ ಬೇರೆ. ಡಿಕ್ಕಿಯ ಪಕ್ಕದ ಹೊದಿಕೆ ತೆಗೆದು ಕನ್ನಡಿ, ಟಾರ್ಚ್‌ ಒಳಗೆ ಬಿಡಿ. ಕಾರ್ಖಾನೆಯಲ್ಲಿ ಅಚ್ಚಿನಿಂದ ಗುದ್ದಿದ ತೂತಿನ ಅಂಚು ಚೊಕ್ಕ, ಅಂತರವೂ ಸಮ. ಗ್ಯಾರೇಜಿನಲ್ಲಿ ಡ್ರಿಲ್‌ ಹಾಕಿದ ತೂತಿಗೆ ಒಳಗಡೆ ಸಿಪ್ಪೆ ಎದ್ದಿರುತ್ತದೆ. ವೆಲ್ಡ್‌ ಮಾಡಿ ಮುಚ್ಚಿದ ಹಳೆಯ ತೂತುಗಳ ಸಾಲು ಕಂಡರೆ ಹುಟ್ಟಿನ ಕಥೆ ಬಯಲಾಯಿತು. ಹೊರಗೆ ಎಷ್ಟು ನುಣುಪು ಮಾಡಿದರೂ ಒಳಮೈಯನ್ನು ತಿದ್ದಲು ಹೆಚ್ಚಿನವರು ಶ್ರಮ ಪಡುವುದಿಲ್ಲ.

ಎಂಜಿನ್‌ಗೆ ಪೆಟ್ರೋಲ್‌, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್‌ ಮೂರಿವೆ ಎಂದು ಮಾತ್ರ ನೋಡಿ ನಂಬಬೇಡಿ. ಎಲ್ಡೊರಾಡೊಗೆ 345 ಅಶ್ವಶಕ್ತಿಯ, ಮೂರು ಕಾರ್ಬುರೇಟರ್‌ನ ಎಂಜಿನ್‌ ಕಡ್ಡಾಯವಾಗಿ ಬರುತ್ತಿತ್ತು, ಉಳಿದವಕ್ಕೆ 325. ಆದರೆ ಹೆಚ್ಚು ಹಣ ಕೊಟ್ಟವರಿಗೆ ಬೇರೆ ಮಾದರಿಗಳಲ್ಲೂ ಆ ಎಂಜಿನ್‌ ಸಿಗುತ್ತಿತ್ತು. ಸ್ಪ್ರಿಂಗ್‌ ಬದಲು ಗಾಳಿಯ ಒತ್ತಡದಿಂದ ಕಾರನ್ನು ಹೊರುವ ಗಾಳಿ ಸಸ್ಪೆನ್ಷನ್‌ ಕಥೆಯೂ ಹಾಗೆಯೇ. ಎಲ್ಡೊರಾಡೊಗೆ ಅದು ಮೂಲದಲ್ಲೇ ಇತ್ತು. ಸೋರಿಕೆ ತಾಳಲಾರದೆ ಎಷ್ಟೋ ಮಾಲೀಕರು ಕಾಯಿಲ್‌ ಸ್ಪ್ರಿಂಗ್‌ ಹಾಕಿಸಿಕೊಂಡರು. ಸ್ಪ್ರಿಂಗ್‌ ಇದ್ದ ಮಾತ್ರಕ್ಕೆ ನಕಲಿ ಅಲ್ಲ. ಕಂಪ್ರೆಸರ್‌ ಕೂರಿಸುವ ಬ್ರಾಕೆಟ್‌, ಎತ್ತರ ಸರಿದೂಗಿಸುವ ವಾಲ್ವ್‌ಗಳ ಜಾಗ ಉಳಿದಿದೆಯೇ ನೋಡಿ, ಬಿಚ್ಚಿದ ಭಾಗಗಳ ಪೆಟ್ಟಿಗೆಯನ್ನೂ ಕೇಳಿ ಪಡೆಯಿರಿ.

ಹೆಜ್ಜೆ 4: ತುಕ್ಕು

1959ರ ಕ್ಯಾಡಿಲ್ಯಾಕ್‌ ಚೌಕಟ್ಟು ಇಂಗ್ಲಿಷಿನ ಎಕ್ಸ್‌ ಅಕ್ಷರದಂತಿದೆ. ನಡುವೆ ಸೊಂಟ ಸಣ್ಣ, ಬಾಗಿಲ ಕೆಳಗೆ ಚೌಕಟ್ಟಿನ ಆಸರೆ ಇಲ್ಲ. ಆ ಭಾರವನ್ನು ಬಾಡಿಯ ಹೊಸ್ತಿಲೇ ಹೊರಬೇಕು. ಗಟ್ಟಿ ಛಾವಣಿ ಇಲ್ಲದ ಕಾರಿನಲ್ಲಿ ಹೊಸ್ತಿಲು ತುಕ್ಕು ಹಿಡಿದರೆ ಇಡೀ ಮೈ ನಡುವೆ ಜೋಲುತ್ತದೆ. ಬಾಗಿಲು ಮುಚ್ಚಿ ಹಿಂಬದಿಯ ಸಂದು ನೋಡಿ: ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಜೋತಿದೆ. ನೆಲಹಾಸು ಎತ್ತಿ ತಳ ಒತ್ತಿ, ಹಿಂದಿನ ಚಕ್ರದ ಹಿಂಭಾಗ, ಡಿಕ್ಕಿಯ ತಳ ತಟ್ಟಿ. ಟಣ್‌ ಎನ್ನಬೇಕಾದ ಜಾಗ ದಪ್‌ ಎಂದರೆ ಒಳಗೆ ತೂತು, ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ ಇದೆ.

ಮೀಟರ್‌ನಲ್ಲಿ 100–150 ಮೈಕ್ರಾನ್‌ ಬಂದರೆ ಮೂಲ ಬಣ್ಣ ಇರಬಹುದು, 200–300 ಬಂದರೆ ಮರುಬಣ್ಣ. 500 ದಾಟಿದರೆ ಪುಟ್ಟಿಯ ಅನುಮಾನ ಬಲವಾಗುತ್ತದೆ. ಅಯಸ್ಕಾಂತ ಉಕ್ಕಿಗೆ ಮಾತ್ರ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಹಲವು ಬಾಡಿಗಳು ಆಶ್‌ ಮರದ ಚೌಕಟ್ಟಿಗೆ ಅಲ್ಯುಮಿನಿಯಂ ಹೊದಿಸಿದವು, ಅಲ್ಲಿ ಅದು ಅಂಟದಿದ್ದರೆ ಗಾಬರಿ ಬೇಡ. ಅಲ್ಲಿನ ರೋಗ ಬೇರೆ: ಬಾಗಿಲನ್ನು ಅರ್ಧ ತೆರೆದು ತುದಿ ಹಿಡಿದು ಮೆಲ್ಲಗೆ ಎತ್ತಿ. ಹಿಂಜ್‌ ಗಟ್ಟಿಯಿದ್ದೂ ಕಂಬವೇ ಅಲುಗಿದರೆ ಮರ ಕೊಳೆತಿದೆ. ಅದನ್ನು ಸರಿಮಾಡಲು ಹೊರ ತಗಡು ಬಿಚ್ಚಬೇಕು.

ಹೆಜ್ಜೆ 5: ಎಂಜಿನ್‌

ತಣ್ಣಗಿರುವಾಗಲೇ ಸ್ಟಾರ್ಟ್‌ ಮಾಡಿಸಿ. ಮೊದಲೇ ಬೆಚ್ಚಗೆ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ. ಎಂಟೂ ಸಿಲಿಂಡರ್‌ಗಳ ಕಂಪ್ರೆಷನ್‌ ಅಳೆದಾಗ ಗರಿಷ್ಠಕ್ಕೂ ಕನಿಷ್ಠಕ್ಕೂ ಶೇ 15ಕ್ಕಿಂತ ಹೆಚ್ಚು ಅಂತರ ಇರಬಾರದು. ಯುದ್ಧಪೂರ್ವದ ಪ್ಯಾಕರ್ಡ್‌ಗೆ 6 ವೋಲ್ಟ್‌, ಪಾಸಿಟಿವ್‌ ಅರ್ತ್‌ (ಬ್ಯಾಟರಿಯ ಪ್ಲಸ್‌ ತುದಿ ಕಾರಿನ ಮೈಗೆ ಸೇರಿರುತ್ತದೆ). ಸ್ಟಾರ್ಟರ್‌ ಮೆಲ್ಲಗೆ ತಿರುಗಿದರೆ ತಪ್ಪು ಹಲವು ಬಾರಿ ಬ್ಯಾಟರಿಯದಲ್ಲ, ಯಾರೋ ಹಾಕಿದ 12 ವೋಲ್ಟ್‌ನ ತೆಳು ಕೇಬಲ್‌ನದು.

ಹೆಜ್ಜೆ 6: ಬೆಲೆ ಕಟ್ಟುವುದು

ಬೆಲೆಯಲ್ಲಿ ಮೊದಲ ತೂಕ ಗುರುತಿಗೆ, ನಂತರ ಬಾಡಿಯ ಬಗೆಗೆ, ಆಮೇಲೆ ಸ್ಥಿತಿಗೆ. ಒಂದೇ ವರ್ಷದ ನಾಲ್ಕು ಬಾಗಿಲಿನ ಸೆಡಾನ್‌ಗೂ ಕನ್ವರ್ಟಿಬಲ್‌ಗೂ ಕ್ರೋಮ್‌, ಬಣ್ಣ, ಎಂಜಿನ್‌ ಖರ್ಚು ಹೆಚ್ಚು ಕಡಿಮೆ ಸಮ. ಮಾರಾಟದ ಬೆಲೆ ಮಾತ್ರ ಸಮವಲ್ಲ. ಸವೆದ ಸೆಡಾನ್‌ ಕೊಂಡು ಹೊಸದು ಮಾಡಿಸಿದರೆ ಹಾಕಿದ ಹಣ ಬಹುತೇಕ ಹಿಂದೆ ಬರುವುದಿಲ್ಲ. ಪ್ರೀತಿಗಾಗಿ ಮಾಡಿಸುವುದಾದರೆ ಮಾಡಿಸಿ, ಲಾಭಕ್ಕೆಂದು ಬೇಡ. ಒಳ್ಳೆಯ ಮೂಲ ಬಣ್ಣ, ಮೂಲ ಚರ್ಮ ಉಳಿದಿರುವ ಕಾರನ್ನಂತೂ ಮುಟ್ಟಬೇಡಿ. ಒಮ್ಮೆ ಕಿತ್ತರೆ ಅದು ಮರಳಿ ಬಾರದು.

ಯಾರ ಕಾರಾಗಿತ್ತು ಎಂಬುದೂ ಬೆಲೆಯೇ. ಹಾಲಿವುಡ್‌ ನಟ ಗ್ಯಾರಿ ಕೂಪರ್‌ ಬಳಿಯಿದ್ದ ಅಮೆರಿಕದ ಐಷಾರಾಮಿ ಕಾರು ಡ್ಯೂಸೆನ್‌ಬರ್ಗ್‌ ಎಸ್‌ಎಸ್‌ಜೆ 2018ರ ಆಗಸ್ಟ್‌ನಲ್ಲಿ 2.2 ಕೋಟಿ ಡಾಲರ್‌ಗೆ ಹೋಯಿತು. ಆ ಮಾದರಿ ತಯಾರಾದದ್ದೇ ಎರಡು. ಆದರೆ ಬಾಯಿಮಾತಿನ ‘ಮಹಾರಾಜರ ಕಾರು’ ಎಂಬ ಕಥೆಗೆ ಒಂದು ಪೈಸೆ ಸೇರಿಸಬೇಡಿ. ಇಂದೋರ್‌ನ ಹೋಳ್ಕರ್‌ ಮಹಾರಾಜರಿಗೆ ಡ್ಯೂಸೆನ್‌ಬರ್ಗ್‌ ಬಂದದ್ದು ನಿಜ, ಅದಕ್ಕೆ ದಾಖಲೆ ಇದೆ. ನಿಮ್ಮ ಮುಂದಿರುವ ಕಾರಿಗೂ ಅಂಥ ಪತ್ರ, ಫೋಟೊ, ಬಿಲ್ಲು ಕೇಳಿ. ಹರಾಜಿನಲ್ಲಿ ಕೊಳ್ಳುವುದಾದರೆ ಕೂಗಿದ ಬೆಲೆಯ ಮೇಲೆ ಸಾಮಾನ್ಯವಾಗಿ ಶೇ 10–12 ಶುಲ್ಕ ಬೀಳುತ್ತದೆ, ಕೈ ಎತ್ತುವ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಕಾರು ಇಲ್ಲೇ ಇದ್ದರೆ

ಭಾರತದಲ್ಲಿ 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ ‘ವಿಎ’ ಅಕ್ಷರಗಳ ವಿಂಟೇಜ್‌ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ಷಾಸಿ (ಚೌಕಟ್ಟು), ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೀಗಾಗಿ ಡೀಸೆಲ್‌ ಎಂಜಿನ್‌ ಕೂರಿಸಿದ ಹಳೆಯ ಅಮೆರಿಕನ್‌ ಕಾರು ಕೊಳ್ಳುವವರು ಈ ನೋಂದಣಿಯ ಆಸೆ ಇಟ್ಟುಕೊಳ್ಳಬಾರದು. ಆರ್‌ಸಿ ಪುಸ್ತಕದ ನಂಬರ್‌ ನೋಡಿ ಸುಮ್ಮನಾಗದೆ ಷಾಸಿ ನಂಬರ್‌ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್‌ ಉಜ್ಜಿ ಅಚ್ಚು ತೆಗೆಯಿರಿ, ಆ ಅಚ್ಚನ್ನು ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ತಾಳೆ ನೋಡಿ.