ಟ್ರಿಗರ್‌ಗೂ ಲಿಮಿಟ್‌ಗೂ ನಡುವೆ ಜಾಗ ಬಿಟ್ಟೆ, ದುಡ್ಡು ಉಳಿಯಿತು

‘ಸ್ಟಾಪ್‌ಲಾಸ್ ಹಾಕಬೇಡ ಅಣ್ಣ, ಅದನ್ನು ಮುಟ್ಟಿಯೇ ಷೇರು ಮೇಲೆ ಹೋಗುತ್ತದೆ’ ಎಂದು ದಾವಣಗೆರೆ ಎಪಿಎಂಸಿಯಲ್ಲಿ ನನ್ನ ಪಕ್ಕದ ದಲಾಲಿ ಅಂಗಡಿಯವರು ಮೂರು ವರ್ಷ ಹೇಳಿದರು. ಸ್ಟಾಪ್‌ಲಾಸ್ ಎಂದರೆ ಷೇರು ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂದು ಮೊದಲೇ ಬರೆದಿಡುವ ಆರ್ಡರ್: ಟ್ರಿಗರ್ ಅದನ್ನು ಎಬ್ಬಿಸುವ ಬೆಲೆ, ಲಿಮಿಟ್ ಇದಕ್ಕಿಂತ ಕಡಿಮೆಗೆ ಮಾರಬೇಡ ಎಂಬ ಗಡಿ. ಈಗ ಅವರೇ ರಾತ್ರಿ ಫೋನ್ ಮಾಡಿ ಯಾವ ಬೆಲೆ ಬರೆಯಲಿ ಎಂದು ಕೇಳುತ್ತಾರೆ.

ಮೊದಲ ಪೆಟ್ಟು ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್‌ನಿಂದ. ವಹಿವಾಟು ತೆಳುವಾಗಿದ್ದ ಸಣ್ಣ ಕಂಪನಿಯ 400 ಷೇರು. ಪರದೆಯಲ್ಲಿ 182 ರೂಪಾಯಿ, ಕೈಗೆ ಬಂದಾಗ ಸರಾಸರಿ 187ರ ಹತ್ತಿರ. ಒಂದೇ ಒತ್ತಿಗೆ ಎರಡು ಸಾವಿರ ಹೋಯಿತು. ಅಂದಿನಿಂದ ಖರೀದಿಗೆ ಲಿಮಿಟ್ (ಇದಕ್ಕಿಂತ ಹೆಚ್ಚು ಕೊಡೆ ಎಂಬ ಬೆಲೆ) ಬಿಟ್ಟು ಬೇರೆ ಮುಟ್ಟಿಲ್ಲ.

ಎರಡನೆಯದು ನೋವಿನದು. 300 ಷೇರಿಗೆ ಜಿಟಿಟಿ (ಟ್ರಿಗರ್ ಮುಟ್ಟುವವರೆಗೂ ದಿನಗಟ್ಟಲೆ ಕಾಯುವ ಆರ್ಡರ್) ಹಾಕಿದ್ದೆ: ಟ್ರಿಗರ್ 240, ಲಿಮಿಟ್ 239.50. ಕಂಪನಿಯ ಫಲಿತಾಂಶ ಕೆಟ್ಟದಾಗಿ ಬಂದು ಮರುದಿನ ಷೇರು 228ಕ್ಕೆ ತೆರೆಯಿತು. ಟ್ರಿಗರ್ ಎದ್ದಿತು, ಆದರೆ 239.50 ಕೊಡುವವರು ಯಾರಿದ್ದಾರೆ? ಮಧ್ಯಾಹ್ನ 3.30ಕ್ಕೆ ಮಾರುಕಟ್ಟೆ ಮುಚ್ಚಿ ಆರ್ಡರ್ ರದ್ದಾಯಿತು. ಜಿಟಿಟಿ ಒಮ್ಮೆ ಎದ್ದರೆ ಮುಗಿಯಿತು, ಮತ್ತೆ ನಾವೇ ಹಾಕಬೇಕು. ನಾನು ಅಂಗಡಿಯ ಗಡಿಬಿಡಿಯಲ್ಲಿ ನೋಡಲಿಲ್ಲ. ಕೊನೆಗೆ 209ಕ್ಕೆ ಕೊಟ್ಟೆ. ಒಂಬತ್ತು ಸಾವಿರ ಚಿಲ್ಲರೆ.

ಆಮೇಲೆ ಲಿಮಿಟನ್ನು ಟ್ರಿಗರ್‌ಗಿಂತ ಸಾಕಷ್ಟು ಕೆಳಗೆ ಬರೆಯತೊಡಗಿದೆ. ‘ಅಷ್ಟು ಕಡಿಮೆ ಬರೆದರೆ ಅಷ್ಟಕ್ಕೇ ಹೋಗುತ್ತದೆ’ ಎಂದು ಎಲ್ಲರೂ ತಲೆ ಅಲ್ಲಾಡಿಸಿದರು. ಮೆಕ್ಕೆಜೋಳ ತಂದ ರೈತ ‘2,100ಕ್ಕಿಂತ ಕೆಳಗೆ ಬೇಡ’ ಎಂದರೆ, ಟೆಂಡರಿನಲ್ಲಿ 2,250 ಬಿದ್ದಿರುವಾಗ ನಾವು 2,100ಕ್ಕೆ ಕೊಡುತ್ತೇವೆಯೇ? ಇಲ್ಲೂ ಅಷ್ಟೇ: ಮೇಲಿನ ಬಿಡ್ (ಕೊಳ್ಳುವವರ ಕೂಗು) ಮೊದಲು ಖರ್ಚಾಗುತ್ತದೆ, ಲಿಮಿಟ್ ಕೊನೆಯ ಗಡಿ ಮಾತ್ರ. ಬಿಡ್‌ಗಳೇ ಇಲ್ಲದ ಷೇರಿನಲ್ಲಿ ಗಡಿಯವರೆಗೂ ಜಾರಬಹುದು. ಅಂಥ ಷೇರಿಗೆ ಈಗ ಕೈ ಹಾಕುವುದಿಲ್ಲ.

ಅತಿಯಾಗಿ ಜಾಗ ಬಿಟ್ಟು ಇದರಲ್ಲೂ ಒಮ್ಮೆ ಎಡವಿದೆ. ಶೇ 5ರ ಸರ್ಕ್ಯೂಟಿನ (ದಿನಕ್ಕೆ ಅದಕ್ಕಿಂತ ಹೆಚ್ಚು ಏರಿಳಿಯಲು ಬಿಡದ ಮಿತಿಯ) ಷೇರು, ಹಿಂದಿನ ಮುಕ್ತಾಯ 246. ಲಿಮಿಟ್ 230 ಬರೆದಿದ್ದೆ. ಕೆಳ ಸರ್ಕ್ಯೂಟಿಗಿಂತ ಕೆಳಗಿದ್ದ ಕಾರಣ ಎಕ್ಸ್‌ಚೇಂಜ್ ಆರ್ಡರನ್ನೇ ತಿರಸ್ಕರಿಸಿತು. ಹಾಗಾಗಿ ಸರ್ಕ್ಯೂಟ್ ಇರುವ ಷೇರಾದರೆ ದಿನಾ ರಾತ್ರಿ ಬೆಲೆ ತಿದ್ದುತ್ತೇನೆ. ಮಾರಿದ ಷೇರು ತೆಗೆದುಕೊಳ್ಳಲು ಬ್ರೋಕರ್‌ಗೆ ಡಿಡಿಪಿಐ ಎಂಬ ಒಪ್ಪಿಗೆ ಕೊಟ್ಟಿರುವುದರಿಂದ ಮಾರುವಾಗ ಟಿಪಿನ್ ಎಂಬ ಗುಪ್ತಸಂಖ್ಯೆ ಹಾಕುವ ಕಾಟವೂ ಇಲ್ಲ.

ನಡುವೆ ಡಿಸ್‌ಕ್ಲೋಸ್ಡ್ ಕ್ವಾಂಟಿಟಿಯನ್ನೂ (ಆರ್ಡರಿನ ಒಂದು ಭಾಗ ಮಾತ್ರ ತೋರಿಸುವುದು) ಒಂದು ತಿಂಗಳು ಪರೀಕ್ಷಿಸಿದೆ. ಕನಿಷ್ಠ ಶೇ 10 ತೋರಿಸಲೇಬೇಕು. ಮುನ್ನೂರು ನಾನೂರು ಷೇರಿನವರಿಗೆ ಬಚ್ಚಿಡುವಂಥದ್ದು ಏನೂ ಇಲ್ಲ, ಬಿಟ್ಟೆ. ಐಒಸಿ ಆರ್ಡರ್ ಮಾತ್ರ ಇಷ್ಟವಾಯಿತು: ಸಿಕ್ಕಷ್ಟು ಸಿಗಲಿ, ಉಳಿದದ್ದು ಆಗಲೇ ರದ್ದಾಗಲಿ.

2024ರ ಜೂನ್ 4, ಲೋಕಸಭೆ ಮತ ಎಣಿಕೆ. ನಿಫ್ಟಿ ಶೇ 6ರ ಹತ್ತಿರ ಬಿದ್ದ ದಿನ. ನನ್ನಲ್ಲಿ ಸರ್ಕಾರಿ ಕಂಪನಿಯೊಂದರ 150 ಷೇರು. ಟ್ರಿಗರ್ 612, ಲಿಮಿಟ್ 590. ಮಾರಾಟವಾದದ್ದು ಸುಮಾರು 609ಕ್ಕೆ. ಮಧ್ಯಾಹ್ನ ಅದು 548ರಲ್ಲಿತ್ತು. ಕೊನೆಗೂ ಸ್ಟಾಪ್‌ಲಾಸ್ ಹಾಕಿದ್ದ ಪಕ್ಕದವರ ಲಿಮಿಟ್ ಟ್ರಿಗರ್‌ಗಿಂತ ಐದು ಪೈಸೆ ಕೆಳಗಿತ್ತು. ಅದು ಮಾರಾಟವಾಗದೆ ಮೇಲೆಯೇ ನೇತಾಡುತ್ತಿತ್ತು. ನನಗೆ ಒಂಬತ್ತು ಸಾವಿರ ಉಳಿಯಿತು, ಹಿಂದೆ ಹೋದಷ್ಟೇ.

ಅಂತರ ಎಷ್ಟಿರಬೇಕು ಎಂಬುದನ್ನು ಷೇರಿನ ದಿನದ ಏರಿಳಿತ ನೋಡಿ ನಿರ್ಧರಿಸುತ್ತೇನೆ. ಎಷ್ಟು ದಿನದ್ದು, ಯಾವುದರಿಂದ ಭಾಗಿಸುವುದು ಎಂಬುದು ನನ್ನ ಖಾತೆ ಪುಸ್ತಕದ ಹಿಂಬದಿಯಲ್ಲಿದೆ, ಅಲ್ಲಿಯೇ ಇರುತ್ತದೆ. ಫೋನ್ ಮಾಡುವ ಪಕ್ಕದವರಿಗೂ ಬೆಲೆಯನ್ನಷ್ಟೇ ಹೇಳುತ್ತೇನೆ.