ಗರ್ಭಕೋಶದ ಕೊರಳಿನ ಕ್ಯಾನ್ಸರ್: ಬೇರು ಬಿಡುವ ಮೊದಲೇ ಪತ್ತೆ ಹಚ್ಚುವುದು ಹೇಗೆ?

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಭತ್ತದ ನಾಟಿಗೆ ಇಳಿಯುವ ಹೆಣ್ಣುಮಕ್ಕಳು ಸೊಂಟನೋವು, ಬಿಳಿ ಸೆರಗು, ಮುಟ್ಟಿನ ಏರುಪೇರುಗಳನ್ನೆಲ್ಲ ದುಡಿಮೆಯ ಜೊತೆ ಬಂದದ್ದೆಂದು ವರ್ಷಗಟ್ಟಲೆ ನುಂಗಿಕೊಂಡಿರುತ್ತಾರೆ. ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದು ಸಮಾಧಾನದ ಮಾತು. ಆದರೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯವಾಗಿ ನೋವನ್ನೇ ಕೊಡುವುದಿಲ್ಲ. ನೋವು ಕಾಣಿಸಿಕೊಳ್ಳುವ ಹೊತ್ತಿಗೆ ಅದು ಹಲವರಲ್ಲಿ ಅಕ್ಕಪಕ್ಕಕ್ಕೆ ಹಬ್ಬಿರುತ್ತದೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಆ ಒಂದೇ ವರ್ಷ ಭಾರತದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ರೋಗ ಬಂದಿದೆ, ಸುಮಾರು 80 ಸಾವಿರ ಮಂದಿ ಪ್ರಾಣ ಕಳೆದುಕೊಂಡಿದ್ದಾರೆ. ಈ ಸಾವುಗಳಲ್ಲಿ ಬಹುಪಾಲು ತಪ್ಪಿಸಬಹುದಾದಂಥವು ಎಂಬುದೇ ಮನಸ್ಸಿಗೆ ಹೆಚ್ಚು ನೋವು ಕೊಡುವ ಸಂಗತಿ.

ತಪ್ಪಿಸಲು ಸಾಧ್ಯ ಏಕೆಂದರೆ, ಈ ರೋಗಕ್ಕೆ ಕಾರಣ ಎಚ್‌ಪಿವಿ ಎಂಬ ವೈರಾಣು. ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ಮದುವೆಯಾದ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಕಾಲಕ್ಕೆ ತಗಲುತ್ತದೆ, ಎರಡು ವರ್ಷದೊಳಗೆ ಹೆಚ್ಚಿನವರಲ್ಲಿ ತಾನಾಗಿ ಹೋಗಿಯೂ ಬಿಡುತ್ತದೆ. ಆದ್ದರಿಂದ ಇದರಲ್ಲಿ ಯಾರ ನಡತೆಯನ್ನೂ ಶಂಕಿಸುವಂಥದ್ದು ಏನಿಲ್ಲ. ಕೆಲವರಲ್ಲಿ ಮಾತ್ರ ಅದು ಉಳಿದುಕೊಂಡು, 15ರಿಂದ 20 ವರ್ಷಗಳಲ್ಲಿ ನಿಧಾನವಾಗಿ ಕ್ಯಾನ್ಸರ್ ಆಗಿ ಬೆಳೆಯುತ್ತದೆ. ಅಷ್ಟು ದೀರ್ಘ ಅವಧಿಯಲ್ಲಿ ಒಂದೆರಡು ಸಲ ಪರೀಕ್ಷೆ ಮಾಡಿಸಿಕೊಂಡರೂ ರೋಗದ ದಾರಿಯನ್ನು ಕಡಿಯಬಹುದು. ಇದಕ್ಕೆ ಸಾಕ್ಷಿ ದೂರದ್ದಲ್ಲ. ರಾಯಚೂರು, ಕೊಪ್ಪಳಗಳಂತೆಯೇ ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ, 30ರಿಂದ 59 ವರ್ಷದ ಸುಮಾರು 1.31 ಲಕ್ಷ ಗ್ರಾಮೀಣ ಮಹಿಳೆಯರನ್ನು ನಾಲ್ಕು ಗುಂಪು ಮಾಡಿ ನಡೆಸಿದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನಮ್ಮಂಥದೇ ಮಣ್ಣು, ನಮ್ಮಂಥದೇ ಕೂಲಿಯ ಬದುಕು ಇರುವ ಊರುಗಳ ಫಲಿತಾಂಶ ಇದು.

ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಗುವಿದ್ದರೆ ಮೊದಲ ಹೆಜ್ಜೆ ಲಸಿಕೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಎಂಬ ದೇಶೀ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. ಅದು ಈ ಕ್ಯಾನ್ಸರಿನ ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಕಾರಣವಾದ 16 ಮತ್ತು 18ನೇ ಬಗೆಯ ವೈರಾಣುಗಳಿಂದ ರಕ್ಷಣೆ ಕೊಡುತ್ತದೆ. 9ರಿಂದ 20 ವರ್ಷದವರಿಗೆ ಒಂದೇ ಡೋಸ್ ಸಹ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರಿನಲ್ಲಿ ಹೇಳಿದ್ದಕ್ಕೆ ಆಧಾರವಾದ ಸಂಶೋಧನೆಗಳಲ್ಲಿ ಭಾರತದ ಹೆಣ್ಣುಮಕ್ಕಳ ಮೇಲಿನ ದೀರ್ಘಕಾಲದ ಅಧ್ಯಯನವೂ ಒಂದು. ಇಂಗ್ಲೆಂಡಿನಲ್ಲಿ 12–13ನೇ ವಯಸ್ಸಿಗೆ ಲಸಿಕೆ ಪಡೆಯುವ ಅವಕಾಶ ಸಿಕ್ಕ ಪೀಳಿಗೆಯಲ್ಲಿ ಈ ಕ್ಯಾನ್ಸರ್ ಶೇ 87ರಷ್ಟು ಕಡಿಮೆಯಾಗಿರುವುದನ್ನು 2021ರ ವರದಿಯೊಂದು ತೋರಿಸಿದೆ. ಈ ಲಸಿಕೆಯಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ.

ಮೂವತ್ತು ದಾಟಿದ ತಾಯಂದಿರಿಗೆ ಲಸಿಕೆಗಿಂತ ಪರೀಕ್ಷೆ ಮುಖ್ಯ. ಸರ್ಕಾರದ ಕಾರ್ಯಕ್ರಮದ ಪ್ರಕಾರ 30ರಿಂದ 65 ವರ್ಷದ ಮಹಿಳೆಯರು ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು. ಎಚ್‌ಐವಿ ಸೋಂಕಿರುವವರಲ್ಲಿ ಅಪಾಯ ಆರು ಪಟ್ಟು ಹೆಚ್ಚಾದ್ದರಿಂದ ಅವರು 25ಕ್ಕೇ ಆರಂಭಿಸಿ, ಮೂರರಿಂದ ಐದು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳುವುದು ಒಳಿತು. ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬುವ ಆರೋಗ್ಯದ ಫಾರಂನಲ್ಲಿ ಎರಡು ಮುಟ್ಟುಗಳ ನಡುವೆ ರಕ್ತ ಹೋಗುತ್ತದೆಯೇ, ಗಂಡನೊಡನೆ ಕೂಡಿದ ಮೇಲೆ ರಕ್ತ ಕಾಣಿಸುತ್ತದೆಯೇ, ಮುಟ್ಟು ನಿಂತ ಮೇಲೂ ರಕ್ತಸ್ರಾವ ಇದೆಯೇ, ಬಿಳಿ ಸೆರಗಿಗೆ ದುರ್ವಾಸನೆ ಇದೆಯೇ ಎಂಬ ಪ್ರಶ್ನೆಗಳಿರುತ್ತವೆ. ಕಟ್ಟೆಯ ಮೇಲೆ ಅತ್ತೆ ಪಕ್ಕದಲ್ಲೇ ಕುಳಿತಿರುವಾಗ ಎಲ್ಲದಕ್ಕೂ "ಇಲ್ರಿ ಅಕ್ಕಾ" ಎಂಬ ಉತ್ತರವೇ ಬರುವುದು ಸಹಜ. ಆದ್ದರಿಂದ ಆಶಾ ಅಕ್ಕನನ್ನು ಒಳಗೆ ಕರೆದು ಒಬ್ಬಂಟಿಯಾಗಿ ಉತ್ತರಿಸಿ. ಯಾವ ಲಕ್ಷಣವೂ ಇಲ್ಲದಿದ್ದರೂ ಪರೀಕ್ಷೆ ಬೇಕು ಎಂದು ಹೇಳಿ ದಿನ ಗೊತ್ತುಮಾಡಿಕೊಳ್ಳಿ.

ಇಲ್ಲಿ ಗರ್ಭಕೋಶದ ಒಳಪದರ ಮತ್ತು ಅಂಡಾಶಯದ ಕ್ಯಾನ್ಸರುಗಳ ಮಾತನ್ನೂ ಸೇರಿಸಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಗರ್ಭಕೋಶದ ಒಳಪದರವನ್ನು ಪರೀಕ್ಷಿಸಲೇಬೇಕು. ಅಂಡಾಶಯದ ಕ್ಯಾನ್ಸರಿಗೆ ಲಕ್ಷಣವಿಲ್ಲದವರಲ್ಲಿ ಜೀವ ಉಳಿಸುವ ತಪಾಸಣೆ ಇನ್ನೂ ಇಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷ ಮಹಿಳೆಯರ ಮೇಲೆ ನಡೆದ ಅಧ್ಯಯನವೂ 2021ರಲ್ಲಿ ಇದನ್ನೇ ಹೇಳಿತು. ಹಾಗಾಗಿ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಎರಡು ಮೂರು ವಾರ ಬಿಡದೆ ಇದ್ದರೆ ಗ್ಯಾಸ್ಟ್ರಿಕ್ ಗುಳಿಗೆ ನುಂಗುತ್ತಾ ಕೂರದೆ ಸ್ಕ್ಯಾನಿಂಗ್ ಮಾಡಿಸಿ.

ಮತ್ತೆ ಗರ್ಭಕೋಶದ ಕೊರಳಿನ ಪರೀಕ್ಷೆಗೆ ಬರೋಣ. ಅದಕ್ಕೆ ಮುಟ್ಟಿನ ದಿನಗಳು ಬೇಡ. ಹಿಂದಿನ ಎರಡು ದಿನ ಗಂಡನೊಡನೆ ಕೂಡುವುದು, ಒಳಗೆ ಔಷಧಿ ಇಟ್ಟುಕೊಳ್ಳುವುದು ಬೇಡ. ಉಪವಾಸ ಇರಬೇಕಾಗಿಲ್ಲ. ಕೋಣೆಯೊಳಗೆ ನಡೆಯುವುದು ಇಷ್ಟೇ: ಮಂಚದ ಮೇಲೆ ಮೊಣಕಾಲು ಮಡಿಸಿ ಮಲಗಿದ ಮೇಲೆ, ನರ್ಸ್ ಅಥವಾ ವೈದ್ಯೆ ಒಂದು ಸಣ್ಣ ಉಪಕರಣದಿಂದ ಯೋನಿಯ ದಾರಿಯನ್ನು ಅಗಲಿಸಿ, ನೀರು ಬೆರೆಸಿದ ವಿನೆಗರಿನಂಥ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕೋಶದ ಕೊರಳಿಗೆ ಒತ್ತುತ್ತಾರೆ. ಸ್ವಲ್ಪ ಚುರುಕ್ ಎನ್ನಬಹುದು. ಒಂದು ನಿಮಿಷ ಕಾಯುತ್ತಾರೆ. ಗುಲಾಬಿ ಬಣ್ಣದ ಚರ್ಮ ಹಾಗೇ ಉಳಿದರೆ ಚಿಂತೆಯಿಲ್ಲ. ಅಂಚು ಸ್ಪಷ್ಟವಾದ ದಟ್ಟ ಬಿಳಿ ಮಚ್ಚೆ ಎದ್ದರೆ ಮುಂದಿನ ಪರೀಕ್ಷೆ ಬೇಕೆಂದು ಅರ್ಥ. ಉತ್ತರ ಅಲ್ಲೇ ಸಿಗುತ್ತದೆ. ಮುಟ್ಟು ನಿಂತವರಲ್ಲಿ ಈ ವಿಧಾನ ಅಷ್ಟು ಸರಿಯಾಗಿ ತೋರಿಸುವುದಿಲ್ಲವಾದ್ದರಿಂದ ಅವರು ಪ್ಯಾಪ್ (ಕೊರಳಿನಿಂದ ಜೀವಕೋಶ ಸವರಿ ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ) ಅಥವಾ ಎಚ್‌ಪಿವಿ ಪರೀಕ್ಷೆಯನ್ನು ಕೇಳಬೇಕು. ಎಚ್‌ಪಿವಿ ಪರೀಕ್ಷೆಗೆ ಮಹಿಳೆ ತಾನೇ ಮರೆಯಲ್ಲಿ ಹತ್ತಿಕಡ್ಡಿಯಿಂದ ಮಾದರಿ ತೆಗೆದುಕೊಡಬಹುದು ಎಂಬುದು ಇತ್ತೀಚಿನ ದೊಡ್ಡ ಅನುಕೂಲ. ನಾಚಿಕೆಯಿಂದ ಹಿಂದೆ ಸರಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ.

ಬಿಳಿ ಮಚ್ಚೆ ಎಂದರೆ ಕ್ಯಾನ್ಸರ್ ಎಂದಲ್ಲ. ಕ್ಯಾನ್ಸರಿನ ಮುಂಚಿನ ಹಂತವಾಗಿದ್ದರೆ ಆ ಜಾಗವನ್ನು ಬಿಸಿ ಸಲಕರಣೆಯಿಂದ ಒಂದು ನಿಮಿಷದೊಳಗೆ ಸುಡುತ್ತಾರೆ, ಇಲ್ಲವೇ ತೆಳುವಾಗಿ ಕತ್ತರಿಸಿ ತೆಗೆಯುತ್ತಾರೆ. ಸಾಮಾನ್ಯವಾಗಿ ಅಂದೇ ಮನೆಗೆ ಹೋಗಬಹುದು. ಕೆಲವು ವಾರ ನೀರಿನಂಥ ಸ್ರಾವವಿರುತ್ತದೆ. ವರ್ಷದ ನಂತರ ಮತ್ತೊಮ್ಮೆ ತೋರಿಸುವುದನ್ನು ಮಾತ್ರ ಮರೆಯಬಾರದು.

ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಬಿಳಿ ಸೆರಗು ಹೆಚ್ಚಾಯಿತು, ಮಕ್ಕಳಾಗಿವೆ, ಇನ್ನೇಕೆ ಬೇಕು ಎಂದು ಮೂವತ್ತು ಮೂವತ್ತೈದಕ್ಕೇ ಗರ್ಭಕೋಶ ತೆಗೆಸಿಕೊಳ್ಳುವವರು ನಮ್ಮ ಭಾಗದಲ್ಲಿದ್ದಾರೆ. ಬಿಳಿ ಸೆರಗಿಗೆ ಬಹಳ ಸಲ ಗುಳಿಗೆಯೇ ಸಾಕು. ಕೊರಳನ್ನು ಪರೀಕ್ಷಿಸದೆ ಗರ್ಭಕೋಶ ತೆಗೆದು, ಆಮೇಲೆ ಅದರಲ್ಲಿ ಕ್ಯಾನ್ಸರ್ ಇದ್ದುದು ತಿಳಿದರೆ, ಆ ಶಸ್ತ್ರಚಿಕಿತ್ಸೆ ಸಾಲದೆ ಮುಂದಿನ ಚಿಕಿತ್ಸೆ ತೊಡಕಾಗುತ್ತದೆ. ಯಾರೇ ಆಪರೇಷನ್ ಮಾಡಿಸಿಕೊಳ್ಳಿ ಎಂದರೂ ಮೊದಲು ಪ್ಯಾಪ್ ಪರೀಕ್ಷೆಯ ಚೀಟಿ ಕೇಳಿ. ತೆಗೆದ ಭಾಗವನ್ನು ಲ್ಯಾಬಿಗೆ ಕಳಿಸಿದ ವರದಿಯನ್ನೂ ಪಡೆದು ಜೋಪಾನವಾಗಿಡಿ.

ಕ್ಯಾನ್ಸರ್ ಎಂದೇ ಖಚಿತವಾದರೆ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಪತ್ರ ಪಡೆಯಿರಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಅದರ ಕಲಬುರಗಿ ಕೇಂದ್ರ ಕೂಡ ಇವೆ. ರೋಗ ಸ್ವಲ್ಪ ಮುಂದುವರಿದಿದ್ದರೆ ಜನ "ಕರೆಂಟ್ ಕೊಡುವುದು" ಎನ್ನುವ ವಿಕಿರಣ ಚಿಕಿತ್ಸೆಯನ್ನು ಸುಮಾರು ಐದು ವಾರ, ವಾರಕ್ಕೊಮ್ಮೆ ಕಿಮೋ ಜೊತೆಗೆ ಕೊಟ್ಟು, ಕೊನೆಗೆ ಒಳಗಿನಿಂದಲೂ ವಿಕಿರಣ ಕೊಡುತ್ತಾರೆ. ಭಾರತದ ರೋಗಿಗಳೂ ಇದ್ದ, 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇದಕ್ಕೆ ಮೊದಲು ಆರು ವಾರ ಹಳೆಯ, ಅಗ್ಗದ ಕಿಮೋ ಔಷಧಿಗಳನ್ನೇ ಕೊಟ್ಟಾಗ ಐದು ವರ್ಷ ಬದುಕಿದವರ ಪ್ರಮಾಣ ಶೇ 72ರಿಂದ ಶೇ 80ಕ್ಕೆ ಏರಿತು. ಇದು ತಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಧೈರ್ಯವಾಗಿ ಕೇಳಿ.

ವಿಕಿರಣ ಶುರುವಾದ ದಿನದಿಂದ ಎಂಟು ವಾರದೊಳಗೆ ಅದು ಪೂರ್ತಿ ಮುಗಿಯಬೇಕು. ನಡುವೆ ಬಿಟ್ಟರೆ ಗುಣವಾಗುವ ಸಾಧ್ಯತೆ ಕುಗ್ಗುತ್ತದೆ. ಭತ್ತ ಕಟಾವಿಗೆ ಬಂತೆಂದೋ ಮನೆಯಲ್ಲಿ ಮದುವೆಯಿದೆಯೆಂದೋ ಅರ್ಧಕ್ಕೆ ಎದ್ದು ಬರುವಂತಾಗಬಾರದು. ಹಾಗಾಗಿ ಊರು ಬಿಡುವ ಮೊದಲೇ ಎರಡು ತಿಂಗಳು ಮಕ್ಕಳಿಗೆ ಅಡುಗೆ ಮಾಡುವವರು ಯಾರು, ಎಮ್ಮೆ ನೋಡಿಕೊಳ್ಳುವವರು ಯಾರು, ಆಸ್ಪತ್ರೆಯ ಹತ್ತಿರ ಜೊತೆಗಿರುವವರು ಯಾರು ಎಂಬುದನ್ನು ಮನೆಯವರೆಲ್ಲ ಕುಳಿತು ಗೊತ್ತುಮಾಡಿಕೊಳ್ಳಬೇಕು.