ನವಸಾಗರ ಶುದ್ಧಿ ಮತ್ತು ಕಲಾಯಿ: ನಾನು ಮಾಡುವ ಕ್ರಮ

ತಾಮ್ರಕ್ಕೆ ಕಲಾಯಿ, ಅಂದರೆ ತವರದ ಲೇಪ, ಹಿಡಿಯದಿದ್ದಾಗ ದೂರು ಮೊದಲು ಹೋಗುವುದು ತವರದ ಮೇಲೆ. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಇರುವುದು ತವರ ಹಿಡಿಯುವಂತೆ ತಾಮ್ರವನ್ನು ಶುಚಿಮಾಡುವ ನವಸಾಗರದಲ್ಲಿ, ಇಲ್ಲವೇ ಅದನ್ನು ಉದುರಿಸಿದ ಹೊತ್ತಿನ ಕಾವಿನಲ್ಲಿ.

ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೆ ಆಗುವ ಉಪ್ಪು. ಸೋಡಾ ತಯಾರಿಸುವ ಕಾರ್ಖಾನೆಗಳಲ್ಲೂ ಇದು ಸಿಗುತ್ತದೆ: ಅಡುಗೆ ಉಪ್ಪಿನ ದ್ರಾವಣಕ್ಕೆ ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಹಾಯಿಸಿ ಸೋಡಿಯಂ ಬೈಕಾರ್ಬೊನೇಟ್ ಬೇರ್ಪಡಿಸಿದ ಮೇಲೆ ಉಳಿದ ದ್ರವಕ್ಕೆ ಇನ್ನಷ್ಟು ಉಪ್ಪು ಹಾಕಿ ತಣಿಸಿದರೆ ನವಸಾಗರ ಹರಳುಗಟ್ಟುತ್ತದೆ. ಹೀಗೆ ಬಂದ ಮಾಲಿನಲ್ಲಿ ಒಂದಿಷ್ಟು ಅಡುಗೆ ಉಪ್ಪು ಉಳಿದಿರುವುದು ಸಹಜ.

ಹೊಸ ಮಾಲು ಬಂದಾಗ ಚಿಟಿಕೆಯಷ್ಟನ್ನು ಚೆನ್ನಾಗಿ ಕಾಯ್ದ ಕಬ್ಬಿಣದ ತಗಡಿನ ಮೇಲೆ ಹಾಕಿ ನೋಡುತ್ತೇನೆ. ಶುದ್ಧವಾದದ್ದು ಕರಗದೆ ನೇರವಾಗಿ ಬಿಳಿ ಹೊಗೆಯಾಗಿ ಹೋಗುತ್ತದೆ, ತಗಡಿನ ಮೇಲೆ ಏನೂ ಉಳಿಯುವುದಿಲ್ಲ. ಅಡುಗೆ ಉಪ್ಪು ಬೆರೆತಿದ್ದರೆ ಚಟಪಟ ಸಿಡಿದು ಬಿಳಿ ಕರೆ ಉಳಿಯುತ್ತದೆ. ಹರಳಿನ ಬಣ್ಣ ಹಳದಿಗೆ ತಿರುಗಿದ್ದರೆ ಕಬ್ಬಿಣದ ಅಂಶ ಇದೆ ಎಂದು ಅನುಮಾನಿಸಬೇಕು.

ಶುದ್ಧಿಗೆ 500 ಮಿ.ಲೀ. ನೀರಿಗೆ 300 ಗ್ರಾಂ ತೆಗೆದುಕೊಳ್ಳುತ್ತೇನೆ. ಪಾತ್ರೆ ಗಾಜಿನದೇ ಆಗಬೇಕು. ಅಲ್ಯೂಮಿನಿಯಂ, ಕಬ್ಬಿಣ, ತಾಮ್ರ ಮೂರನ್ನೂ ಈ ದ್ರಾವಣ ತಿನ್ನುತ್ತದೆ, ಸ್ಟೀಲಿನಲ್ಲೂ ಸಣ್ಣ ತೂತು ಬೀಳಬಹುದು. ಉಪ್ಪು ಹಾಕಿದೊಡನೆ ನೀರು ಕೈಗೆ ಹತ್ತುವಷ್ಟು ತಣ್ಣಗಾಗುತ್ತದೆ, ಏಕೆಂದರೆ ಕರಗುವಾಗ ಅದು ಶಾಖ ಹೀರುತ್ತದೆ. ಹಾಗಾಗಿ ಕಾಯಿಸುತ್ತಲೇ ಕಲಕಬೇಕು. 75–80 ಡಿಗ್ರಿ ಸೆಲ್ಸಿಯಸ್‌ಗೆ ಎಲ್ಲವೂ ಕರಗಿರುತ್ತದೆ. ಕಬ್ಬಿಣ ಇದ್ದರೆ ಅಮೋನಿಯಾ ದ್ರಾವಣದ ಕೆಲವು ಹನಿ ಹಾಕಿ ಹತ್ತು ನಿಮಿಷ ಬಿಟ್ಟರೆ ಕಂದು ಗಸಿಯಾಗಿ ಕೂರುತ್ತದೆ. ಬಿಸಿಯಿರುವಾಗಲೇ ಸೋಸಬೇಕು. ಆಲಿಕೆಯನ್ನು ಬಿಸಿನೀರಿನಲ್ಲಿ ಕಾಯಿಸಿಕೊಳ್ಳದಿದ್ದರೆ ಅದರ ಕೊರಳಲ್ಲೇ ಹರಳುಗಟ್ಟಿ ಎಲ್ಲವೂ ಕಟ್ಟಿಕೊಳ್ಳುತ್ತದೆ.

ಮುಂದಿನದು ತಾಳ್ಮೆಯ ಕೆಲಸ. ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿ ಅಲುಗಿಸದೆ ಇಟ್ಟರೆ, ಮೇಲ್ಮೈಯಲ್ಲಿ ಹುಟ್ಟಿದ ನಕ್ಷತ್ರದಂಥ ಚೂರುಗಳು ನಿಧಾನವಾಗಿ ಇಳಿದು, ತಳದಲ್ಲಿ ಹಕ್ಕಿಯ ಗರಿಯಂತೆ ಕವಲೊಡೆದು ಬೆಳೆಯುತ್ತವೆ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ಅವಸರಕ್ಕೆ ತಣ್ಣೀರಿನಲ್ಲಿಟ್ಟರೆ ಹಿಟ್ಟಿನಂಥ ಹರಳು ಬಂದು ಕೊಳೆ ದ್ರವವನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. 20 ಡಿಗ್ರಿಯಲ್ಲಿ 100 ಮಿ.ಲೀ. ನೀರು ಸುಮಾರು 37 ಗ್ರಾಂ ಹಿಡಿದಿಟ್ಟುಕೊಳ್ಳುವುದರಿಂದ ಲೆಕ್ಕಕ್ಕೆ ಸುಮಾರು 115 ಗ್ರಾಂ ಹೊರಬರಬೇಕು. ತೊಳೆದ ಮೇಲೆ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಅಡುಗೆ ಉಪ್ಪಿನ ಕರಗುವಿಕೆ ಬಿಸಿಗೂ ತಂಪಿಗೂ ಹೆಚ್ಚು ಬದಲಾಗದ ಕಾರಣ ಅದು ದ್ರವದಲ್ಲೇ ಉಳಿಯುತ್ತದೆ. ಇಡೀ ಶುದ್ಧಿ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ. ಉಳಿದ ದ್ರವವನ್ನು ಇನ್ನೆರಡು ಸಲ ಬಳಸುತ್ತೇನೆ, ಆಮೇಲೆ ಕಲ್ಮಶ ಹೆಚ್ಚುತ್ತದೆ.

ಹರಳನ್ನು ಮಂಜಿನಷ್ಟು ತಣ್ಣಗಿನ 30 ಮಿ.ಲೀ. ನೀರಿನಲ್ಲಿ ಒಮ್ಮೆ ತೊಳೆದು 50–60 ಡಿಗ್ರಿಯಲ್ಲಿ ಒಣಗಿಸಿ, ಪ್ಲಾಸ್ಟಿಕ್ ಮುಚ್ಚಳದ ಬಾಟಲಿಯಲ್ಲಿಡುತ್ತೇನೆ. ತಗಡಿನ ಮುಚ್ಚಳ ತುಕ್ಕು ಹಿಡಿದು ಮತ್ತೆ ಕಬ್ಬಿಣವನ್ನೇ ಸೇರಿಸುತ್ತದೆ.

ಇನ್ನು ಕಲಾಯಿ. ತವರ ಕರಗುವುದು 232 ಡಿಗ್ರಿಗೆ, ನವಸಾಗರ ಪೂರ್ತಿ ಅಮೋನಿಯಾ ಮತ್ತು ಆಮ್ಲದ ಆವಿಯಾಗಿ ಒಡೆಯುವುದು ಸುಮಾರು 338ಕ್ಕೆ. ಕೆಲಸ ನಡೆಯಬೇಕಾದ್ದು ಇವೆರಡರ ನಡುವೆ, 250–280ರ ಆಸುಪಾಸಿನಲ್ಲಿ. ಜಿಡ್ಡು ತೆಗೆದು ಉಜ್ಜಿ ಹೊಳೆಯಿಸಿದ ತಾಮ್ರವನ್ನು ಕಾಯಿಸಿ, ತವರದ ಕಡ್ಡಿ ತಾಗಿಸಿದಲ್ಲಿ ತಾನಾಗಿ ಕರಗತೊಡಗಿದಾಗ ಮಾತ್ರ ಚಿಟಿಕೆ ನವಸಾಗರ ಉದುರಿಸಿ, ಹತ್ತಿಯ ಉಂಡೆಯಿಂದ ಕೂಡಲೇ ಒರೆಸುತ್ತೇನೆ. ಕಾವಿಗೆ ನವಸಾಗರದಿಂದ ಹೊರಡುವ ಆಮ್ಲ ತಾಮ್ರದ ಆಕ್ಸೈಡನ್ನು ಕಿತ್ತ ಕ್ಷಣದಲ್ಲೇ ತವರ ಅಲ್ಲಿಗೆ ಹರಿಯಬೇಕು. ತವರ ಮಣಿಮಣಿಯಾಗಿ ಉರುಳಿದರೆ ಜಿಡ್ಡು ಉಳಿದಿದೆ ಅಥವಾ ಕಾವು ಸಾಲದು. ಹೊಗೆ ಭುಗ್ಗೆಂದು ಎದ್ದು ತಾಮ್ರ ಕಪ್ಪಾದರೆ ಕಾವು ಮೀರಿದೆ. ಅಲ್ಲಿ ಮತ್ತೆ ಮತ್ತೆ ನವಸಾಗರ ಸುರಿಯುವುದು ದಂಡ, ತಣಿಸಿ ಉಜ್ಜಿ ಮೊದಲಿನಿಂದ ಮಾಡಬೇಕು. ತವರದ ಮೇಲೆ ಹಳದಿ ಛಾಯೆ ಬಂದರೂ ಕಾವು ಹೆಚ್ಚಾದದ್ದೇ ಕಾರಣ.

ಊಟದ ಪಾತ್ರೆಗೆ ಸೀಸವಿಲ್ಲದ ಶುದ್ಧ ತವರವೇ ಬೇಕು. ಆ ಬಿಳಿ ಹೊಗೆ ಕಣ್ಣು, ಗಂಟಲನ್ನು ಉರಿಸುತ್ತದೆ, ಗಾಳಿಯಾಡುವ ಜಾಗದಲ್ಲೇ ಮಾಡಿ. ನವಸಾಗರ ತಾಗಿದ ನೀರನ್ನು ಬ್ಲೀಚಿಂಗ್ ದ್ರಾವಣದ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಹುಟ್ಟುತ್ತದೆ. ಕೆಲಸ ಮುಗಿದ ಪಾತ್ರೆಯನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆಯಿರಿ. ಅಂಚಿನ ಮಡಿಕೆಯಲ್ಲಿ ಉಳಿದ ಚೂರು ಉಪ್ಪು ಗಾಳಿಯ ತೇವ ಹೀರಿ ಕೆಲವೇ ದಿನಗಳಲ್ಲಿ ಹಸಿರು ಕಟ್ಟುತ್ತದೆ.